ಸೋಡಾ ಸಾಹೇಬರ ಬರ್ಫ್

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗೋಲಿ ಸೋಡಾ ಕುಡಿಯುತ್ತಿದ್ದಾಗ ಸೋಡಾ ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಿಳಿಯಿತು. ಸಿರಾ ಕಡೆಯಿಂದ ಆಗತಾನೆ ಬಂದಿಳಿದ ಬಸ್ಸಿನ ಕಂಡಕ್ಟರು ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ನೆನಪಿಸಿಕೊಂಡವನಂತೆ, "ನಿಮ್ ಸೋಡಾ ಸಾಹೇಬ್ರು ಹೋಗ್ಬುಟ್ರಲ್ಲ ಸಾ, ಮೊನ್ನೆ," ಅಂದ. ಬಾಟಲಿಯಲ್ಲಿ ಇನ್ನೂ ಅರ್ಧ ಸೋಡಾ ಇತ್ತು. ಬಿಸಿಲಲ್ಲಿಟ್ಟು ಕಾಯಿಸಿದ ಹಾಗಿತ್ತು. ಸಾಹೇಬರು ಪಕ್ಕದಲ್ಲಿ ನಿಂತಿದ್ದಿದ್ದರೆ ಅಂಗಡಿಯವನ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದರು. ಬಿಸಿ ಸೋಡಾ ಮಾರುವವನನ್ನು ಅವರು ಕಲಬೆರಕೆ ಮಾಡುವವನಿಗಿಂತ ಕಡೆ ಎಂದು ತಿಳಿದಿದ್ದರು.

ಅವರಿಗೆ ತಂದೆ ತಾಯಿ ಇಟ್ಟ ಒಳ್ಳೆಯ ಹೆಸರೊಂದಿತ್ತು. ಅದನ್ನು ಕರೆಯುವವರು ಸಿರಾದಲ್ಲಿ ಯಾರೂ ಇರಲಿಲ್ಲ. ಕಾಗದಪತ್ರ ಬಂದರೆ ಪೋಸ್ಟ್‌ಮ್ಯಾನ್ ಕೂಡ ಹೆಸರು ಓದಿ ಯಾರಿದು ಎಂದು ಕೊಂಚ ಯೋಚಿಸಿ, ಆಮೇಲೆ ನಗುತ್ತಾ ಸೋಡಾ ಅಂಗಡಿಗೆ ತಂದು ಕೊಡುತ್ತಿದ್ದ. ಎತ್ತರದ ಬಡಕಲು ಆಳು. ಮದರಂಗಿ ಹಾಕಿದ ಕೆಂಪು ಗಡ್ಡ. ದಿನವಿಡೀ ಬಾಟಲಿಯ ಗೋಲಿ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ ಚಮಚದಂತಾಗಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಗಿರಾಕಿ ಇದ್ದರೆ ಗಿರಾಕಿಯ ಜೊತೆ, ಇಲ್ಲದಿದ್ದರೆ ಬಾಟಲಿ ತಿರುಗಿಸುವ ಯಂತ್ರದ ಜೊತೆ. ನಿದ್ದೆಯಲ್ಲೂ ವ್ಯಾಪಾರ ಮಾಡುತ್ತಾರೆಂದು ಅವರ ಹೆಂಡತಿ ಹೇಳುತ್ತಿದ್ದರು.

ನಾನು ಸಿರಾ ಸ್ಕೂಲಿಗೆ ಸೈನ್ಸ್ ಮೇಷ್ಟ್ರಾಗಿ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ. ಮಹಾರಾಜರ ಸರ್ಕಾರದ ನೌಕರಿ, ಹೊಸ ಕೋಟು, ತಲೆಯಲ್ಲಿ ಇನ್ನೂ ಮಾಸದ ಕಾಲೇಜಿನ ಪಾಠ. ನಾನು ಊರಿಗೆ ಬಂದ ಸುದ್ದಿ ಸಾಹೇಬರಿಗೆ ಮುಟ್ಟಿದ್ದೇ ತಡ, ಶಾಲೆಯ ಜಗಲಿಗೆ ಬಂದು ಕೂತುಬಿಟ್ಟರು. ಮೊದಲು ನನ್ನ ಊರು, ಕುಲ, ಸಂಬಳ ಎಲ್ಲ ವಿಚಾರಿಸಿದರು. ಆಮೇಲೆ ಬಂದ ಕೆಲಸಕ್ಕೆ ಕೈ ಹಾಕಿದರು.

ಅವರಿಗೆ ಎರಡು ವಿಷಯ ಬಹಳ ದಿನದಿಂದ ಕೊರೆಯುತ್ತಿದ್ದವು. ಸೋಡಾಕ್ಕೆ ಗ್ಯಾಸು ಬೇಕಲ್ಲ, ಅದನ್ನು ಅವರು ಸುಣ್ಣದ ಕಲ್ಲಿನ ಪುಡಿಗೆ ಆಸಿಡ್ ಬಿಟ್ಟು ಎಬ್ಬಿಸುತ್ತಿದ್ದರು. ಬೆಳಿಗ್ಗೆ ಎದ್ದು ಆ ಆಸಿಡ್ಡನ್ನು ನೀರಿಗೆ ಬೆರೆಸುವಾಗ ಪಾತ್ರೆ ಕೈ ಸುಡುವಷ್ಟು ಕಾಯುತ್ತಿತ್ತು. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ. ಅದೇ ಹೊಟ್ಟೆನೋವೆಂದು ಬಂದವರಿಗೆ ನಿಂಬೆಹಣ್ಣಿನ ರಸಕ್ಕೆ ಅಡಿಗೆ ಸೋಡಾ ಹಾಕಿ ಕೊಟ್ಟರೆ ಲೋಟ ತಣ್ಣಗಾಗುತ್ತಿತ್ತು. ಎರಡೂ ಬುಸುಬುಸು ಅನ್ನುವ ವ್ಯವಹಾರವೇ. ಒಂದು ಸುಡುತ್ತದೆ, ಒಂದು ತಣಿಸುತ್ತದೆ, ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ.

ನಾನು ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದೆ. ವಸ್ತುಗಳು ಒಂದರೊಡನೊಂದು ಕೂಡುವಾಗಲೂ ಬಿಡಿಸಿಕೊಳ್ಳುವಾಗಲೂ ಶಾಖದ ಕೊಡುಕೊಳ್ಳುವಿಕೆ ನಡೆಯುತ್ತದೆ. ಕೆಲವು ಕ್ರಿಯೆಗಳಲ್ಲಿ ಒಳಗಿದ್ದ ಶಾಖ ಹೊರಗೆ ಬರುತ್ತದೆ, ಕೆಲವು ಕ್ರಿಯೆಗಳು ಹೊರಗಿನ ಶಾಖವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಸಾಹೇಬರು ಕಣ್ಣು ಕಿರಿದು ಮಾಡಿ ಕೇಳಿದರು.

"ಹೊರಗಿಂದ ಅಂದ್ರೆ ಯಾರ ಹತ್ರದಿಂದ?"

"ಸುತ್ತ ಏನಿದೆಯೋ ಅದರಿಂದ. ನೀರಿನಿಂದ, ಲೋಟದಿಂದ, ಲೋಟ ಹಿಡಿದ ನಿಮ್ಮ ಕೈಯಿಂದ."

ಅವರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. "ಇಷ್ಟ್ ದಿನ ನನ್ನ ಕೈಯಿಂದಾನೇ ಕದ್ದು ನನ್ಗೇ ತಂಪು ಅಂತ ಕೊಡ್ತಿತ್ತಾ ಇದು," ಎಂದು ಹೇಳಿ, ಬಹಳ ದೊಡ್ಡ ಮೋಸವನ್ನು ಪತ್ತೆಹಚ್ಚಿದವರ ಗಾಂಭೀರ್ಯದಲ್ಲಿ ಎದ್ದು ಹೋದರು. ಸಂಜೆ ನನ್ನ ಕೋಣೆಗೆ ಪುಕ್ಕಟೆಯಾಗಿ ಎರಡು ಬಾಟಲಿ ಸೋಡಾ ಬಂತು. ಅಲ್ಲಿಂದ ನಮ್ಮ ಸ್ನೇಹ.

ತಂಪಿನ ಹುಚ್ಚು ಅವರಿಗೆ ಹತ್ತಿದ್ದು ಪಾವಗಡದಲ್ಲಂತೆ. ಎಳೆಯ ವಯಸ್ಸಿನಲ್ಲಿ ಗಾಡಿ ತುಂಬ ಸೋಡಾ ಹೇರಿಕೊಂಡು ಅಲ್ಲಿನ ಸಂತೆಗೆ ಹೋಗಿದ್ದರು. ದಾರಿಯುದ್ದಕ್ಕೂ ಬೋಳುಗುಡ್ಡ, ಬಂಡೆ, ಬಿಸಿಲು. ಸಂತೆ ತಲುಪುವ ಹೊತ್ತಿಗೆ ಬಾಟಲಿಗಳು ಕೆಂಡದಂತಾಗಿದ್ದವು. ಮೊದಲ ಗಿರಾಕಿ ಒಂದು ಗುಟುಕು ಕುಡಿದು ನಿಲ್ಲಿಸಿ, "ಏಂ ಸಾಯಿಬೂ, ಇದಿ ಸೋಡಾನಾ, ಸ್ನಾನಾನಿಕಿ ನೀಳ್ಳಾ?" ಎಂದು ಕೇಳಿದನಂತೆ. ಇದು ಸೋಡಾನೋ, ಸ್ನಾನಕ್ಕೆ ಕಾಯಿಸಿದ ನೀರೋ ಎಂದು. ಇಡೀ ಸಂತೆ ನಕ್ಕಿತು. ಸಾಹೇಬರು ಈ ಕಥೆ ಹೇಳುವಾಗ ಆ ಗಿರಾಕಿಯ ತೆಲುಗನ್ನು ಅವನದೇ ರಾಗದಲ್ಲಿ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರಾದರೂ ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಗಡ್ಡ ನೀವಿಕೊಳ್ಳುತ್ತಿದ್ದರು.

ಆಮೇಲೆ ಒದ್ದೆ ಗೋಣಿ, ಮರಳಿನ ತೊಟ್ಟಿ, ಲಾವಂಚದ ಬೇರು, ಬಾವಿಯೊಳಗೆ ಬುಟ್ಟಿ ಇಳಿಬಿಡುವುದು, ಹೀಗೆ ಮಾಡದ ಉಪಾಯವಿಲ್ಲ. ಸಿರಾದಲ್ಲಿ ಅವರ ಸೋಡಾ ತಣ್ಣಗಿರುತ್ತದೆಂದು ಹೆಸರಾಯಿತು. ಅಷ್ಟಕ್ಕೇ ನಿಂತಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

ಸಾಹೇಬರಿಗೆ ಒಬ್ಬಳೇ ಮಗಳು. ಇಂಗ್ಲಿಷರ ಪಲ್ಟನ್ನು ಬೀಡುಬಿಟ್ಟಿದ್ದ ಬೆಂಗಳೂರು ದಂಡಿನ ಕಡೆಯ ಒಂದು ಮನೆತನಕ್ಕೆ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು. ಹುಡುಗನ ತಂದೆಯೂ ಕೆಟ್ಟವರೇನಲ್ಲ, ಆದರೆ ದಂಡಿನವರು. ಅಲ್ಲಿ ದೊರೆಗಳ ಬಂಗಲೆಗಳಿಗೆ ಬರ್ಫ್, ಅಂದರೆ ಮಂಜುಗಡ್ಡೆ, ಹೋಗುತ್ತಿತ್ತು, ದೊರೆಗಳಿಗೆ ಹೋದದ್ದರಲ್ಲಿ ಉಳಿದದ್ದು ಬಜಾರಿಗೆ ಬರುತ್ತಿತ್ತು. ನಿಶ್ಚಯದ ದಿನ ಬೀಗರು ನಮ್ಮ ಸಾಹೇಬರ ಹೆಸರಾಂತ ಸೋಡಾ ಕುಡಿದು ಬಾಟಲಿ ಕೆಳಗಿಟ್ಟು, ತಮ್ಮ ಕಡೆ ಬರ್ಫ್ ಹಾಕದೆ ಕೈ ಕೂಡ ತೊಳೆಯುವುದಿಲ್ಲವೆಂಬ ಅರ್ಥದ ಮಾತಾಡಿದರು. ಅದನ್ನು ಸಾಹೇಬರು ನುಂಗಿಕೊಂಡರು. ಹೊರಡುವಾಗ ಬೀಗರು ಬೀಸಣಿಗೆ ಬೀಸಿಕೊಳ್ಳುತ್ತಾ ಮತ್ತೊಂದು ಮಾತು ಸೇರಿಸಿದರು. ಸೊಸೆ ಹಬ್ಬಕ್ಕೆ ಬರಲಿ, ಮಳೆಗಾಲದಲ್ಲಿ ಬರಲಿ, ಬೇಸಿಗೆಯಲ್ಲಿ ಮಾತ್ರ ಅವಳನ್ನು ಈ ಬಾಣಲೆಗೆ ಕಳಿಸುವುದಿಲ್ಲ.

ಹುಡುಗ ಒಂದು ಶಾಲೆಯಲ್ಲಿ ನೌಕರಿಯಲ್ಲಿದ್ದ. ಅವನಿಗೆ ರಜ ಸಿಗುವುದೇ ಬೇಸಿಗೆಯಲ್ಲಿ. ಬೇಸಿಗೆಗೆ ಇಲ್ಲವೆಂದರೆ ಮಗಳು ತವರಿಗೆ ಬಂದು ನಾಲ್ಕು ದಿನ ಇರುವುದೇ ಇಲ್ಲವೆಂದು ಅರ್ಥ. ಪರದೆಯ ಹಿಂದೆ ಸಾಹೇಬರ ಹೆಂಡತಿಯ ಬಳೆ ಸದ್ದು ನಿಂತುಹೋಯಿತು. ನಾನೂ ಅಲ್ಲೇ ಕೂತಿದ್ದೆ.

ಸಾಹೇಬರು ಎದ್ದು ನಿಂತು ಗಟ್ಟಿಯಾಗಿ, ನಿಧಾನವಾಗಿ ಹೇಳಿದರು: "ಮದುವೆ ದಿನ ನಿಮ್ಗೆ ಬರ್ಫಿನ ಷರಬತ್ತು ಕೊಡ್ತೀನಿ. ಬೆಂಗಳೂರಿಂದ ತರ್ಸಿದ್ದಲ್ಲ, ನಮ್ಮನೇಲಿ ಮಾಡಿದ್ದು. ಕೊಟ್ಟರೆ ಬೇಸಿಗೆಗೆ ಮಗಳನ್ನ ಕಳಿಸ್ತೀರಾ?"

ಬೀಗರು ನಕ್ಕು, ಕಳಿಸುತ್ತೇನೆ, ಜೊತೆಗೆ ನಾನೂ ಬರುತ್ತೇನೆ ಎಂದು ಎಲ್ಲರೆದುರು ಒಪ್ಪಿಕೊಂಡರು. ಅವರು ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, ಬರ್ಫ್ ಹೇಗೆ ಮಾಡುವುದು ಎಂದು ಕೇಳಿದರು.

ಮಿಷನ್ನು ಇಲ್ಲದೆ ಬರ್ಫ್ ಆಗುವುದಿಲ್ಲವೆಂದು ಹೇಳಲು ಬಾಯಿ ತೆರೆದವನು ಪರದೆ ಅಲುಗಿದ್ದು ಕಂಡು ಮುಚ್ಚಿಕೊಂಡೆ. ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ನವಸಾಗರ, ಪೆಟ್ಲುಪ್ಪು, ಈ ಎರಡು ಬಗೆಯ ಉಪ್ಪನ್ನೂ ನೀರಿಗೆ ಹಾಕಿ ಕದಡಿದರೆ ಕರಗುವಾಗ ಅವು ವಿಪರೀತ ಶಾಖ ಎಳೆದುಕೊಳ್ಳುತ್ತವೆ. ಓದಿದ್ದೆನೇ ಹೊರತು ಮಾಡಿರಲಿಲ್ಲ. ಮಾಡಿದವರನ್ನು ಕಂಡೂ ಇರಲಿಲ್ಲ. ಇಷ್ಟನ್ನು ಹೇಳಿದ್ದೇ ಸಾಹೇಬರ ಮುಖ ಅರಳಿತು. ನವಸಾಗರ ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಬೇಕಾದಷ್ಟು ಸಿಗುತ್ತದೆ, ಪೆಟ್ಲುಪ್ಪು ಬಾಣ ಬಿರುಸು ಮಾಡುವವರ ಹತ್ತಿರ. ಇಷ್ಟು ದಿನ ತಂಪು ತಮ್ಮ ಬೀದಿಯಲ್ಲೇ ಗೋಣಿಚೀಲದೊಳಗೆ ಕೂತಿತ್ತೆಂದು ಅವರಿಗೆ ಸಂತೋಷವೂ ಸಿಟ್ಟೂ ಒಟ್ಟಿಗೆ ಬಂತು.

ಪೆಟ್ಲುಪ್ಪಿಗಾಗಿ ಅವರು ಮಧುಗಿರಿಗೆ ಹೋಗಿ ಬಂದರು. ಮೂಟೆ ಇಳಿಸುವಾಗ ಬಸ್ಸಿನವರು ಇದೇನೆಂದು ಕೇಳಿದರೆ, "ಬರ್ಫ್," ಎಂದರಂತೆ. ಮೂಟೆ ಮುಟ್ಟಿ ನೋಡಿ ಅವರು ಸಾಹೇಬರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡರು. ನಾನು ಶಾಲೆಯಲ್ಲಿದ್ದ ಒಂದೇ ಒಂದು ಥರ್ಮಾಮೀಟರನ್ನು ಹೆಡ್‌ಮಾಸ್ಟರ ಹತ್ತಿರ ಬೇಡಿ ಪಡೆದೆ. ಕೊಟ್ಟಷ್ಟೇ ಉದ್ದದ್ದನ್ನು ವಾಪಸು ತರಬೇಕೆಂದು ಅವರು ಷರತ್ತು ಹಾಕಿದರು. ಸಾಹೇಬರು ಅದಕ್ಕೆ 'ಜ್ವರದ ಕಡ್ಡಿ' ಎಂದು ಹೆಸರಿಟ್ಟರು. ಸೊನ್ನೆಯ ಗೆರೆಯನ್ನು ತೋರಿಸಿ, ಪಾದರಸ ಇಲ್ಲಿಗಿಂತ ಕೆಳಗಿಳಿದರೆ ನೀರು ಬರ್ಫ್ ಆಗುತ್ತದೆಂದು ಹೇಳಿಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಅವರ ಹಿತ್ತಲಲ್ಲಿ ಮೊದಲ ಪ್ರಯೋಗ. ದಪ್ಪ ಮಡಕೆಗೆ ಬಾವಿಯ ನೀರು, ಅದರೊಳಗೆ ಎರಡೂ ಉಪ್ಪು, ನಡುವೆ ಒಳ್ಳೆಯ ನೀರು ತುಂಬಿದ ತಗಡಿನ ಡಬ್ಬಿ. ಸಾಹೇಬರು ಸೌಟಿನಿಂದ ಕದಡುತ್ತಿದ್ದರು, ನಾನು ಕಡ್ಡಿ ಹಿಡಿದಿದ್ದೆ. ಪಾದರಸ ಸರಸರನೆ ಇಳಿಯಿತು. ಮಡಕೆಯ ಹೊರಮೈ ಬೆವರಿತು. ಸಾಹೇಬರು ಅಕ್ಕಪಕ್ಕದ ಮನೆಯವರಿಗೆಲ್ಲ ಇಳಿತದ ವರದಿ ಕೂಗಿ ಹೇಳುತ್ತಿದ್ದರು. ಹಾಗೇ ಇಳಿದ ಪಾದರಸ ಸೊನ್ನೆಗೆ ಸ್ವಲ್ಪ ಮೇಲೆ ಬಂದು, ದಣಿದ ಎತ್ತಿನಂತೆ ನಿಂತುಬಿಟ್ಟಿತು. ಎಷ್ಟು ಕದಡಿದರೂ ಮಿಸುಕಲಿಲ್ಲ. ಡಬ್ಬಿಯ ನೀರು ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಸಿರಾದಲ್ಲಿ ಅಂಥ ನೀರನ್ನು ಯಾರೂ ಕುಡಿದಿರಲಿಲ್ಲ. ನನಗೆ ತೃಪ್ತಿಯಾಯಿತು. ಸಾಹೇಬರಿಗೆ ಆಗಲಿಲ್ಲ. ಬರ್ಫ್ ಎಂದರೆ ಕೈಯಲ್ಲಿ ಹಿಡಿಯುವಂತಿರಬೇಕು, ನೀರು ಎಷ್ಟೇ ತಣ್ಣಗಿದ್ದರೂ ನೀರೇ ಎಂದು ಸೌಟನ್ನು ಎಸೆದರು.

ಮಡಕೆಯಲ್ಲಿ ಕರಗಿದ ಉಪ್ಪನ್ನು ಚೆಲ್ಲುವಂತಿರಲಿಲ್ಲ. ನೀರನ್ನು ಕುದಿಸಿ ಇಂಗಿಸಿದರೆ ಉಪ್ಪು ಮತ್ತೆ ತಳದಲ್ಲಿ ಕೂರುತ್ತದೆ, ಒಣಗಿಸಿ ಮತ್ತೆ ಬಳಸಬಹುದು ಎಂದು ನಾನೇ ಹೇಳಿದ್ದೆ. ಹೇಳುವುದು ಸುಲಭವಿತ್ತು. ಕುದಿಸುವ ಕೆಲಸ ಸಾಹೇಬರ ಹೆಂಡತಿಯ ಪಾಲಿಗೆ ಬಂತು. ಸುಡುವ ಬೇಸಿಗೆಯಲ್ಲಿ, ನಾನಿದ್ದೇನೆಂದು ಮುಸುಕೆಳೆದುಕೊಂಡು, ಹಿತ್ತಲ ಒಲೆಯ ಮುಂದೆ ಕೂತು ಆಕೆ ಹಂಡೆಗಟ್ಟಲೆ ಉಪ್ಪುನೀರು ಕಾಯಿಸಿದರು. ಕಣ್ಣಿಗೆ ಹೊಗೆ, ಮುಖಕ್ಕೆ ಝಳ. ನಾವಿಬ್ಬರೂ ನೆರಳಲ್ಲಿ ಕೂತು ತಣ್ಣನೆಯ ನೀರು ಕುಡಿಯುತ್ತಾ ಮುಂದೇನು ಎಂದು ಚರ್ಚಿಸುತ್ತಿದ್ದೆವು.

ಮುಂದೇನು ಎಂಬುದನ್ನು ಸಾಹೇಬರು ನನಗಾಗಿ ಕಾಯದೆ ತಾವೇ ತೀರ್ಮಾನಿಸಿದರು. ನಿಂಬೆರಸಕ್ಕೆ ಅಡಿಗೆ ಸೋಡಾ ಹಾಕಿದರೆ ತಂಪಾಗುತ್ತದೆ. ನಿಂಬೆಯ ಹುಳಿ ಸಾಧಾರಣದ್ದು. ತಮ್ಮ ಅಂಗಡಿಯ ಆಸಿಡ್ ಅದರ ಅಪ್ಪನಂಥ ಹುಳಿ. ಆದ್ದರಿಂದ ಆಸಿಡ್ಡಿಗೆ ಅಡಿಗೆ ಸೋಡಾ ಸುರಿದರೆ ನೇರವಾಗಿ ಬರ್ಫ್. ಈ ತರ್ಕ ಅವರಿಗೆ ಎಷ್ಟು ಗಟ್ಟಿಯಾಗಿ ಕಂಡಿತೆಂದರೆ ನನ್ನನ್ನು ಅಚ್ಚರಿಗೊಳಿಸಲೆಂದು ನಾನು ಶಾಲೆಯಲ್ಲಿದ್ದಾಗಲೇ ಕೆಲಸ ಶುರುಮಾಡಿದರು. ನಾನು ಹೋಗುವ ಹೊತ್ತಿಗೆ ಜಾಡಿ ಉಕ್ಕಿ, ಕುದಿಯುವ ನೊರೆ ಹಿತ್ತಲ ತುಂಬ ಹರಿದು, ಕೋಳಿಗಳೆಲ್ಲ ಗೋಡೆ ಹತ್ತಿ ಕೂತಿದ್ದವು. ಸಾಹೇಬರ ಲುಂಗಿಯಲ್ಲಿ ಜರಡಿಯಂತೆ ತೂತುಗಳು. ಅದೃಷ್ಟಕ್ಕೆ ಚರ್ಮಕ್ಕೆ ಏನೂ ಆಗಿರಲಿಲ್ಲ.

ನಿಂಬೆರಸದಂಥ ಸೌಮ್ಯ ಹುಳಿ ಮಾಡುವುದೇ ಬೇರೆ, ಗಟ್ಟಿ ಆಸಿಡ್ ಮಾಡುವುದೇ ಬೇರೆ, ಅದು ನೀರಿನ ಪಸೆ ಕಂಡರೂ ಕಾದು ಕೆರಳುತ್ತದೆ, ಅದನ್ನು ನೀವು ದಿನಾ ಬೆಳಿಗ್ಗೆ ಕೈಯಲ್ಲೇ ನೋಡುತ್ತೀರಲ್ಲ ಎಂದು ನಾನು ಗದರಿದೆ. ಸಾಹೇಬರು ತೂತಿನ ಲುಂಗಿಯನ್ನು ಹಿಡಿದುಕೊಂಡು, "ದಿನಾ ನೋಡ್ತೀನಿ ಮೇಷ್ಟ್ರೇ. ಮಗಳ ಮದುವೆ ಅಂದ್ಮೇಲೆ ನನ್ ಮಾತು ಕೇಳ್ತದೆ ಅಂತ ಅನ್ಕೊಂಡೆ," ಅಂದರು.

ಅವರ ಹೆಂಡತಿ ಪೊರಕೆ ಹಿಡಿದು ನಮ್ಮಿಬ್ಬರನ್ನೂ ಬೀದಿಗೆ ಕಳಿಸಿದರು.

ಬೀದಿಯಲ್ಲಿ ನಿಂತಾಗಲೇ ನನಗೆ ದಾರಿ ಹೊಳೆದದ್ದು. ನಾವು ಶುರುಮಾಡಿದ್ದು ಬಾವಿಯ ನೀರಿನಿಂದ. ಸಿರಾದ ಬೇಸಿಗೆಯಲ್ಲಿ ಬಾವಿಯ ನೀರಾದರೂ ಎಷ್ಟು ತಣ್ಣಗಿದ್ದೀತು? ಉಪ್ಪು ತನ್ನ ಶಕ್ತಿಯನ್ನೆಲ್ಲ ಅದನ್ನು ತಣಿಸುವುದಕ್ಕೇ ಕಳೆದು ಸೋತುಹೋಗುತ್ತಿತ್ತು. ಮೊದಲ ಮಡಕೆಯಲ್ಲಿ ಬರ್ಫಿನ ಆಸೆ ಬಿಟ್ಟು, ಎರಡನೆಯ ಮಡಕೆಗೆ ಬೇಕಾದ ನೀರನ್ನೂ ಉಪ್ಪನ್ನೂ ಮಾತ್ರ ತಣ್ಣಗೆ ಮಾಡಿಕೊಂಡರೆ? ಆ ತಣ್ಣನೆಯ ನೀರಿಗೆ ತಣ್ಣನೆಯ ಉಪ್ಪು ಹಾಕಿ ಕದಡಿದರೆ ಪಾದರಸ ಸೊನ್ನೆಗಿಂತ ಕೆಳಗೆ ಹೋಗಲೇಬೇಕು. ಸಾಹೇಬರು ಕೇಳಿ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಅವರ ಹೆಂಡತಿ ಒಂದೇ ಮಾತು ಹೇಳಿದರು: "ಅಂದ್ರೆ ನನ್ಗೆ ಇನ್ನು ಎರಡು ಒಲೆ."

ಆದರೂ ಬೇಡವೆನ್ನಲಿಲ್ಲ. ಮರುದಿನವೇ ಹಿತ್ತಲಲ್ಲಿ ಎರಡನೆಯ ಒಲೆಗೆ ಮಣ್ಣು ಮೆತ್ತಿದ್ದು ಕಂಡೆ.

ಎರಡು ಮಡಕೆಯ ಪ್ರಯೋಗದಲ್ಲಿ ಪಾದರಸ ಸೊನ್ನೆಯನ್ನು ದಾಟಿತು. ನಾನು ನಂಬಲಾರದೆ ಕಡ್ಡಿಯನ್ನು ಒರೆಸಿ ಮತ್ತೆ ಇಳಿಬಿಟ್ಟೆ. ಬಹಳ ಹೊತ್ತಿನ ಮೇಲೆ ಡಬ್ಬಿ ತೆಗೆದು ನೋಡಿದರೆ ನೀರಿನ ಮೇಲೆ ಗಾಜಿನ ಚೂರಿನಂತೆ ತೆಳುವಾದ ಒಂದು ಪೊರೆ. ಸಾಹೇಬರು ಅದನ್ನು ಎರಡು ಬೆರಳಿನಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡು, ಬರ್ಫ್ ಬರ್ಫ್ ಎಂದು ಕೂಗುತ್ತಾ ಬೀದಿಗೆ ಓಡಿದರು. ನಾನು ಹಿಂದೆ ಓಡಿದೆ. ಬಿಸಿಲು ಧಗಧಗಿಸುತ್ತಿತ್ತು. ಬೀದಿಯ ತಿರುವಿನಲ್ಲಿ ನಾಲ್ಕು ಜನ ಕೂತಿದ್ದ ಕಟ್ಟೆಯ ಮುಂದೆ ಹೋಗಿ ಅವರು ವಿಜಯೋತ್ಸಾಹದಿಂದ ಅಂಗೈ ಬಿಚ್ಚಿದಾಗ ಅದರಲ್ಲಿ ಇದ್ದದ್ದು ಒಂದು ಹನಿ ನೀರು. ಕಟ್ಟೆಯ ಮೇಲಿದ್ದ ರೈತರೊಬ್ಬರು ಬಗ್ಗಿ ನೋಡಿ, "ಯಾಕ್ ಸಾಬ್ರೇ, ನೀರ್ ಕಂಡಿಲ್ವಾ ನಾವು?" ಎಂದು ಸಮಾಧಾನವಾಗಿ ಕೇಳಿದರು.

ಸಿರಾದಲ್ಲಿ ಬರ್ಫ್ ಆದದ್ದಕ್ಕೆ ಅವತ್ತು ಸಾಕ್ಷಿಯಾಗಿ ಉಳಿದವನು ನಾನೊಬ್ಬನೇ. ಯಾರೂ ನಂಬಲಿಲ್ಲ. ನಾನು ಮೇಷ್ಟ್ರಾದ್ದರಿಂದ ಎದುರಿಗೆ ನಗಲಿಲ್ಲ, ಅಷ್ಟೆ.

ಮದುವೆಯ ದಿನ ಬಂತು. ದಿಬ್ಬಣ ಬರುವುದು ಮಧ್ಯಾಹ್ನಕ್ಕೆ. ಬೆಳಕು ಹರಿಯುತ್ತಲೇ ನಾವು ಕೆಲಸ ಶುರುಮಾಡಿದೆವು. ಮಡಕೆಗಳಿಗೆ ಹೊಟ್ಟು, ಕಂಬಳಿ ಸುತ್ತಿದ್ದೆವು. ಇದ್ದಬದ್ದ ಉಪ್ಪೆಲ್ಲ ಅದೊಂದು ಸಲಕ್ಕೇ. ಹಿಂದಿನ ಪ್ರಯೋಗದ ನೀರು ಇನ್ನೂ ಒಲೆಯ ಮೇಲೆ ಇಂಗುತ್ತಿತ್ತು, ಅದರ ಉಪ್ಪೂ ಬೇಕಿತ್ತು. ಮನೆಯಲ್ಲಿ ಮಗಳಿಗೆ ಮದರಂಗಿ ಒಣಗುತ್ತಿದ್ದರೆ ತಾಯಿ ಹಿತ್ತಲಲ್ಲಿ ಉಪ್ಪು ಕೆರೆದು ಕೆರೆದು ಕೊಡುತ್ತಿದ್ದರು. ಸಾಹೇಬರು ಹೊಸ ಶೇರ್ವಾನಿ ಹಾಕಿಕೊಂಡೇ ಕದಡುತ್ತಿದ್ದರು.

ದಿಬ್ಬಣದ ಬಸ್ಸಿನ ಹಾರನ್ ಕೇಳಿಸಿದಾಗ ನಾವು ಡಬ್ಬಿ ತೆಗೆದೆವು. ಒಳಗೋಡೆಗೆ ಅಂಟಿಕೊಂಡು, ಒಡೆದ ತೆಂಗಿನಕಾಯಿಯ ಹೋಳಿನಷ್ಟು, ಬೆಳ್ಳಗೆ, ಗಟ್ಟಿಯಾಗಿ ಬರ್ಫ್ ಇತ್ತು. ಸಾಹೇಬರು ಬೆರಳಿನಿಂದ ತಟ್ಟಿ ನೋಡಿದರು. ಟಣ್ ಎಂದಿತು. ಹಿತ್ತಾಳೆಯ ತಟ್ಟೆಯಲ್ಲಿಟ್ಟು, ಮೇಲೆ ಜರಿಯ ರುಮಾಲು ಹೊದಿಸಿ, ಷರಬತ್ತಿನ ದೊಡ್ಡ ಹಂಡೆಯ ಪಕ್ಕಕ್ಕೆ ತಂದರು. ಬೀಗರೆದುರಿಗೆ ರುಮಾಲು ಸರಿಸಿ, ಬರ್ಫನ್ನು ಎತ್ತಿ ತೋರಿಸಿ, ಆಮೇಲೆ ಹಂಡೆಗೆ ಹಾಕಬೇಕೆಂದು ಅವರು ಹತ್ತು ದಿನದಿಂದ ಅಭ್ಯಾಸ ಮಾಡಿದ್ದರು.

ಅಷ್ಟರಲ್ಲಿ ಚಪ್ಪರದ ಕಡೆಯಿಂದ ಗಲಾಟೆ ಕೇಳಿಸಿತು. ಬೆಂಗಳೂರಿನಿಂದ ಆ ಬಿಸಿಲಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ, ಇಂಜಿನ್ನಿನ ಪಕ್ಕ, ಉಣ್ಣೆಯ ಕೋಟು ತೊಟ್ಟು ಕೂತು ಬಂದಿದ್ದ ಬೀಗರು ಕೆಳಗಿಳಿದವರೇ ಮೂಗು ಹಿಡಿದುಕೊಂಡಿದ್ದರು. ಕೈತುಂಬ ರಕ್ತ. ಗಡ್ಡ, ಕೋಟು ಎಲ್ಲ ಕೆಂಪು. ಎತ್ತಿಕೊಂಡು ಬಂದು ಚಾಪೆಯ ಮೇಲೆ ಕೂರಿಸಿದರು. ಒಬ್ಬರು ಈರುಳ್ಳಿ ಮೂಸಿಸಿದರು, ಮತ್ತೊಬ್ಬರು ತಲೆಗೆ ನೀರು ಸುರಿದರು. ಹಂಡೆಯ ನೀರೂ ಬಿಸಿಯಾಗಿತ್ತು, ಏನೂ ಪ್ರಯೋಜನವಾಗಲಿಲ್ಲ. ಮದುಮಗನ ಮುಖ ಬಿಳುಪೇರಿತು. ಹೆಂಗಸರ ಕಡೆ ಯಾರೋ ಇದು ಅಪಶಕುನವೆಂದು ಆಗಲೇ ಶುರುಮಾಡಿದ್ದರು. ಆ ಮಾತು ಹಬ್ಬಿದರೆ ಮದುವೆಯ ಗತಿ ಏನಾಗುತ್ತಿತ್ತೋ ಹೇಳಲಾಗದು.

ಸಾಹೇಬರು ತಟ್ಟೆ ಹಿಡಿದು ಒಂದು ಕ್ಷಣ ನಿಂತರು. ಆಮೇಲೆ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ, ಬರ್ಫನ್ನು ಅದೇ ಜರಿಯ ರುಮಾಲಿನಲ್ಲಿ ಸುತ್ತಿ ಬೀಗರ ಮೂಗಿನ ಮೇಲೆ ಒತ್ತಿ ಹಿಡಿದರು. ಅದು ಬಹುಪಾಲು ಕರಗುವವರೆಗೂ, ಒಮ್ಮೆ ಮೂಗಿಗೆ, ಒಮ್ಮೆ ಹಣೆಗೆ, ಒಮ್ಮೆ ಕತ್ತಿನ ಹಿಂದಕ್ಕೆ ಹಿಡಿಯುತ್ತಾ ಕೂತರು. ರಕ್ತ ನಿಂತಿತು. ಬೀಗರು ಕಣ್ಣು ಬಿಟ್ಟು ಒದ್ದೆ ರುಮಾಲನ್ನು ಮುಟ್ಟಿ ನೋಡಿದರು. ಒಳಗೆ ಅಡಿಕೆಯಷ್ಟು ಚೂರು ಇನ್ನೂ ಉಳಿದಿತ್ತು.

"ಬೆಂಗಳೂರಿಂದ ತರ್ಸಿದ್ರಾ?" ಎಂದು ಮೂಗಿನಲ್ಲೇ ಕೇಳಿದರು.

"ಹಿತ್ತಲಿಂದ," ಅಂದರು ಸಾಹೇಬರು.

ನಿಕಾಹ್ ಸಾಂಗವಾಗಿ ಆಯಿತು. ಷರಬತ್ತು ಬರ್ಫಿಲ್ಲದೆಯೇ ಹಂಚಲ್ಪಟ್ಟಿತು. ಬರ್ಫ್ ನೋಡಲೆಂದೇ ಊರೂರಿನಿಂದ ಬಂದಿದ್ದವರು ಬರಿಯ ಷರಬತ್ತು ಕುಡಿದು ಗೊಣಗುತ್ತಾ ಹೋದರು. ಬುಕ್ಕಾಪಟ್ಟಣದಿಂದ ನಡೆದೇ ಬಂದಿದ್ದ ಒಬ್ಬ ಗೃಹಸ್ಥರು ಒದ್ದೆ ರುಮಾಲನ್ನಾದರೂ ಮುಟ್ಟಿಸಿ ಎಂದು ಕೇಳಿ, ಮುಟ್ಟಿ, ಸಮಾಧಾನಪಟ್ಟರು. ಆದರೆ ಯಾರು ಒಪ್ಪಬೇಕಿತ್ತೋ ಅವರು ಒಪ್ಪಿದ್ದರು. ಸಿರಾದಲ್ಲಿ ಮನೆಮನೆಯ ಹಿತ್ತಲಲ್ಲೂ ಬರ್ಫ್ ಆಗುತ್ತದೆ ಎಂದು ಬೀಗರು ದಂಡಿನಲ್ಲಿ ಸಾರಿಕೊಂಡು ಬಂದರಂತೆ. ಅವರನ್ನು ಸುಳ್ಳುಗಾರರೆಂದವರ ಜೊತೆ ಜಗಳವನ್ನೂ ಆಡಿದರಂತೆ.

ಮಗಳು ಮೊದಲ ಬೇಸಿಗೆಗೇ ಬಂದಳು. ಮಾತು ಕೊಟ್ಟಂತೆ ಬೀಗರೂ ಬಂದರು. ಎರಡೂ ಒಲೆ ಮತ್ತೆ ಉರಿದವು. ಆಮೇಲಿನ ಬೇಸಿಗೆಗಳಲ್ಲೂ ಅಷ್ಟೆ.

ಆ ಬೇಸಿಗೆಗಳಲ್ಲೊಂದು ಸಂಜೆ ನನಗೂ ಸಾಹೇಬರಿಗೂ ವಾದವಾಯಿತು. ಶಾಖವೆಂಬುದು ಎಲ್ಲೂ ಹಾಳಾಗುವುದಿಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ, ಉಪ್ಪು ಕರಗುವಾಗ ನೀರಿನಿಂದ ಎಷ್ಟು ಶಾಖ ಎಳೆದುಕೊಂಡಿತೋ ಅದರ ಲೆಕ್ಕವನ್ನು ಉಪ್ಪು ಮತ್ತೆ ಹಿಂದಿನಂತಾಗುವಾಗ ತೀರಿಸಲೇಬೇಕು, ಹೀಗೆ ನಾನು ವಿವರಿಸುತ್ತಿದ್ದೆ. ಲೆಕ್ಕ ಸಮವಾಗುತ್ತದೆ ಎಂದೆ. ಸಾಹೇಬರು ಒಪ್ಪಲಿಲ್ಲ. ಹಿತ್ತಲ ಕಡೆ ಕೈ ತೋರಿಸಿದರು. ಅಲ್ಲಿ ಅವರ ಹೆಂಡತಿ ಹೊಗೆಯ ನಡುವೆ ಕೂತು ಹಂಡೆ ಕದಡುತ್ತಿದ್ದರು.

"ತಂಪು ಬೀಗರ ಗಂಟಲಿಗೆ, ಬೆಂಕಿ ಇವಳ ಮುಖಕ್ಕೆ. ಇದು ಯಾವ ಸಮ ಮೇಷ್ಟ್ರೇ?"

ಅವರು ಎದ್ದು ಹೋಗಿ, ಅವತ್ತು ತಾವೇ ಒಲೆಯ ಮುಂದೆ ಕೂರುತ್ತೇನೆಂದು ಹಟ ಹಿಡಿದರು. ಹೆಂಡತಿ ಒಳಗೆ ಹೋಗಿ ಮಲಗಿದರು. ಸಾಹೇಬರು ಒಲೆಯ ಜೊತೆ ಮಾತಾಡುತ್ತಾ ಮಾತಾಡುತ್ತಾ ಹಂಡೆಯನ್ನು ಮರೆತರು. ಉಪ್ಪು ತಳ ಹಿಡಿದು ಹೊಗೆಯೆದ್ದು, ಇಡೀ ಬೀದಿ ಕೆಮ್ಮಿತು. ಮತ್ತೆ ಪೊರಕೆ ಹೊರಗೆ ಬಂತು. ಒಲೆಯ ಹತ್ತಿರ ಸಾಹೇಬರಿಗೆ ಕಾಯಂ ನಿಷೇಧವಾಯಿತು.

ಯುದ್ಧ ಬಂದ ಮೇಲೆ ಪೆಟ್ಲುಪ್ಪೆಲ್ಲ ಮದ್ದುಗುಂಡಿಗೆ ಹೋಗಿ ಕಣ್ಣಿಗೂ ಕಾಣದಾಯಿತು. ನನಗೆ ಕೊರಟಗೆರೆಗೆ ವರ್ಗವಾಯಿತು, ಅಲ್ಲಿಂದ ಮಧುಗಿರಿಗೆ. ಸಾಹೇಬರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದಾಗ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ, ಹುಡುಗರ ಪ್ರಶ್ನೆಗಳಿಗೆ ನನಗಿಂತ ಮುಂಚೆ ಉತ್ತರ ಹೇಳುತ್ತಿದ್ದರು. ಅರ್ಧ ತಪ್ಪಿರುತ್ತಿತ್ತು. ಹುಡುಗರಿಗೆ ಅವರ ತಪ್ಪು ಉತ್ತರಗಳೇ ಚೆನ್ನಾಗಿ ನೆನಪಿರುತ್ತಿದ್ದವು.

ಅವರು ಹೋದ ಸುದ್ದಿ ಕೇಳಿದ ಕೂಡಲೇ ಸಿರಾಕ್ಕೆ ಹೋಗಿ ಗೋರಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅವರ ಹೆಂಡತಿಯನ್ನು ಮಾತಾಡಿಸಲು ಆಗಲಿಲ್ಲ. ಗಂಡ ಸತ್ತ ಮೇಲೆ ಕೆಲವು ತಿಂಗಳು ಆಕೆ ಪರರೆದುರು ಬರುವಂತಿಲ್ಲ. ಆ ಅವಧಿ ಕಳೆದ ಮೇಲೆ ಮತ್ತೊಮ್ಮೆ ಹೋದೆ. ಮಗಳು ನನಗೆ ಚಾಪೆ ಹಾಸಿ ಒಳಗೆ ಹೋದಳು. ತಾಯಿ ಪರದೆಯ ಹಿಂದೆ ಬಂದು ಕೂತರು. ಸಾಹೇಬರ ಮಾತುಗಾರಿಕೆಯ ವಿಷಯ ಬಂತು. ಮನೆ ಈಗ ಬಹಳ ನಿಶ್ಶಬ್ದವಾಗಿದೆ ಎಂದರು. ಆಮೇಲೆ ಆಕೆಯೇ ಹೇಳತೊಡಗಿದರು.

"ಮದುವೆ ಆದಾಗಿಂದ ಇವರು ನನ್ನೆದುರು ಮಾತಾಡ್ದೆ ನಿಂತಿದ್ದು ಒಂದೇ ಸಲ ಮೇಷ್ಟ್ರೇ. ಮಗಳ ನಿಕಾಹ್ ದಿನ. ಹೊರಗೆ ಬೀಗರಿಗೆ ರಕ್ತ ನಿಂತ್ಮೇಲೆ ಹಿತ್ತಲಿಗೆ ಬಂದ್ರು. ಕೆನ್ನೆ ಊದಿತ್ತು. ಹಲ್ಲುನೋವು ಅನ್ಕೊಂಡೆ. ಏನು ಅಂತ ಕೇಳಿದ್ರೆ ಜವಾಬಿಲ್ಲ. ನನ್ ಕೈ ಹಿಡಿದು, ಬಾಯಿಂದ ತೆಗ್ದು ಅಂಗೈ ಮೇಲೆ ಇಟ್ರು. ಬರ್ಫಿನ ಚೂರು. ಬಿಸಿಲಲ್ಲಿ ತಂದ್ರೆ ಕರಗ್ತದೆ ಅಂತ ಕೆನ್ನೆಯೊಳಗೆ ಇಟ್ಕೊಂಡು ಬಂದಿದ್ರು."

ಬಾಯಿ ಇನ್ನೂ ಬಿಸಿಯಲ್ಲವೇ ಎಂದು ಹೇಳಬೇಕೆಂದುಕೊಂಡೆ. ಅದರ ಬದಲು ತಿಂದಿರಾ ಎಂದು ಕೇಳಿದೆ.

"ತಿಂದೆ. ಸ್ವಲ್ಪ ಉಪ್ಪುಪ್ಪಾಗಿತ್ತು. ನಿಮ್ಮ ಮಡಕೆ ನೀರು ಡಬ್ಬಿಯೊಳಗೆ ಹೋಗಿತ್ತೇನೋ."

ಹಾಗಾಗಿರಲಾರದು, ಡಬ್ಬಿಯ ಮುಚ್ಚಳಕ್ಕೆ ಮೇಣ ಬಳಿದವನು ನಾನೇ, ಒಂದು ಹನಿಯೂ ಒಳಗೆ ಹೋಗಿರಲಿಲ್ಲ ಎಂದೆ.

ಪರದೆಯ ಹಿಂದೆ ಬಳೆ ಸದ್ದಾಯಿತು. ಕಣ್ಣೊರೆಸಿಕೊಂಡರೋ ನಕ್ಕರೋ ತಿಳಿಯಲಿಲ್ಲ.

"ಹಂಗಾದ್ರೆ ನನ್ನ ಅಂಗೈ ಬೆವರಿರಬೇಕು," ಅಂದರು. "ಬೆಳಿಗ್ಗೆಯಿಂದ ಒಲೆ ಮುಂದೆ ಕೂತಿದ್ದೆನಲ್ಲ."